ಸುಂದರಬನಕ್ಕೆ ನೀವೂ ಬನ್ನಿ

ಪ್ರವಾಸದ ಯೋಜನೆ ಹಾಕುವ ಕಲೆಯಲ್ಲಿ ನನ್ನನ್ನು ಮೀರಿಸುವವರು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಯಾರೂ ಇಲ್ಲ. ಇದು ಜಂಬದ ಮಾತಲ್ಲ, ನಾನೇ ಹಲವಾರು ಸಲ ಹೇಳಿಕೊಂಡಿರುವ ಸತ್ಯ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ ಇಷ್ಟನ್ನೂ ಒಂದು ಶನಿವಾರ ಭಾನುವಾರದಲ್ಲಿ ಮುಗಿಸಿ, ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಹಾಜರಿ ಹಾಕಿದವನು ನಾನು. ಜೊತೆಗೆ ಬಂದವರಿಗೆ ಯಾವ ದೇವರನ್ನು ಯಾವ ಊರಿನಲ್ಲಿ ನೋಡಿದೆವು ಎಂಬುದು ಇವತ್ತಿಗೂ ನೆನಪಿಲ್ಲ. ಆದರೆ ಗಾಡಿ ಎಲ್ಲೂ ತಡವಾಗಲಿಲ್ಲ. ಅದು ಮುಖ್ಯ.

ಇಂಥ ನಾನು ನಿವೃತ್ತಿಯ ನಂತರ ಕೈಗೆ ಸರಿಯಾದ ಕೆಲಸವಿಲ್ಲದೆ ಕೂತಿರುವಾಗ, ನನ್ನ ಹೆಂಡತಿ ಶೈಲಜಾ ಒಂದು ದಿನ ಊಟಕ್ಕೆ ಬಡಿಸುತ್ತಾ, ತನಗೆ ಸುಂದರಬನ ನೋಡಬೇಕು ಎಂದಳು. ಸಾರಿನ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. ಅವಳು ಮುಖ್ಯವಾದ ಮಾತುಗಳನ್ನೆಲ್ಲ ಹಾಗೇ ಹೇಳುವುದು.

ಶೈಲಾ ಗುಬ್ಬಿಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಮೇಡಂ ಆಗಿದ್ದವಳು. ಈಚೆಗಷ್ಟೇ ನಿವೃತ್ತಿಯಾಗಿದ್ದಳು. ಬಂಗಾಳದಲ್ಲಿ ಸಮುದ್ರಕ್ಕೆ ಹೊಂದಿಕೊಂಡು ದೊಡ್ಡದೊಂದು ಕಾಡಿದೆಯಂತೆ. ದಿನಕ್ಕೆ ಎರಡು ಸಲ ಉಪ್ಪು ನೀರು ಏರಿ ಬಂದು ಅರ್ಧ ಕಾಡನ್ನು ಮುಳುಗಿಸಿ ವಾಪಸ್ಸು ಹೋಗುತ್ತದಂತೆ. ಅಲ್ಲಿನ ಮರಗಳ ಬೇರುಗಳು ಕೆಸರಿನಿಂದ ಮೇಲಕ್ಕೆ ಕತ್ತು ಚಾಚಿ ಗಾಳಿ ಕುಡಿಯುತ್ತವಂತೆ. ಈ ಉಸಿರಾಡುವ ಬೇರುಗಳ ಚಿತ್ರವನ್ನು ಅವಳು ತನ್ನ ಕೆಲಸದ ಉದ್ದಕ್ಕೂ ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದಾಳೆ. ಪ್ರತಿ ವರ್ಷ ಯಾವುದಾದರೂ ಒಂದು ಮಗು ಎದ್ದು ನಿಂತು, ಮಿಸ್, ನೀವು ನೋಡಿದೀರಾ ಎಂದು ಕೇಳಿದೆ. ಪ್ರತಿ ವರ್ಷ ಇವಳು ಇಲ್ಲ ಎಂದಿದ್ದಾಳೆ.

“ಇಲ್ಲ ಅಂದು ಅಂದು ಸಾಕಾಗಿದೆ ರೀ” ಎಂದಳು.

ಅಂಥ ಗಿಡ ನಮ್ಮ ಕಾರವಾರದ ಕಡೆಯೂ ಇದೆಯಲ್ಲ, ಹತ್ತಿರದಲ್ಲೇ ಮುಗಿಸಿಬಿಡೋಣ ಎಂದು ನಾನು ನನ್ನ ಯೋಜಕ ಬುದ್ಧಿಯನ್ನು ಸ್ವಲ್ಪ ತೋರಿಸಿದೆ. ಪಾಠದಲ್ಲಿ ಇದ್ದದ್ದು ಸುಂದರಬನ, ಹುಲಿ ಈಜುವ ಕಾಡು ಅದೇ, ನೋಡಿದರೆ ಅದನ್ನೇ ನೋಡಬೇಕು ಎಂದಳು. ಮದುವೆಯಾದಾಗಿನಿಂದ ಅವಳು ಇಂಥ ಕಡೆಗೇ ಹೋಗಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ನನಗೆ ಎದೆ ತುಂಬಿ ಬಂತು. “ಎಲ್ಲ ನನಗೆ ಬಿಡು” ಎಂದೆ. ಅವಳು ಬಿಟ್ಟಳು. ಅನಾಹುತ ಅಲ್ಲಿಂದ ಆರಂಭ.

ನಮ್ಮ ಕಡೆ ಒಂದು ಪದ್ಧತಿ ಇದೆ. ಎಲ್ಲಿಗೋ ಹೊರಟಿದ್ದೇವೆ ಎಂದು ಯಾರಿಗಾದರೂ ಹೇಳಿದರೆ, ಅದರ ಬೆನ್ನಿಗೇ “ನೀವೂ ಬನ್ನಿ” ಎನ್ನಬೇಕು. ಎನ್ನದಿದ್ದರೆ ಇವರಿಗೆ ದೊಡ್ಡಸ್ತಿಕೆ ಬಂತು ಎಂದುಕೊಳ್ಳುತ್ತಾರೆ. ಕೇಳಿಸಿಕೊಂಡವರು “ಅಯ್ಯೋ, ನಮಗೆಲ್ಲಾಗುತ್ತೆ, ನೀವು ಹೋಗ್ಬನ್ನಿ” ಎನ್ನಬೇಕು. ಎನ್ನದಿದ್ದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇಬ್ಬರಿಗೂ ಸಮಾಧಾನ, ಯಾರಿಗೂ ಖರ್ಚಿಲ್ಲ. ಇದಕ್ಕೆ ಉಪಚಾರದ ಮಾತು ಎಂದು ಹೆಸರು. ಈ ಮಾತಿನ ಆಧಾರದ ಮೇಲೆಯೇ ನಮ್ಮ ಜಿಲ್ಲೆ ನಿಂತಿದೆ.

ಮೊದಲು ಸಿಕ್ಕವರು ಪಕ್ಕದ ಮನೆಯ ರಾಜಶೇಖರ್. ಬೆಳಿಗ್ಗೆ ಹಾಲು ತರಲು ಹೋದಾಗ ವಿಷಯ ಹೇಳಿದೆ. ಪದ್ಧತಿಯಂತೆ “ನೀವೂ ಬನ್ನಿ ಸಾರ್” ಎಂದೆ. ಅವರು ಹಾಲಿನ ಪ್ಯಾಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಸ್ವಲ್ಪ ಯೋಚಿಸಿದರು. ಯೋಚಿಸಿದ್ದೇ ನಿಯಮಕ್ಕೆ ವಿರುದ್ಧವಾಗಿತ್ತು. ಆಮೇಲೆ, ಆಗಲಿ ಸಾರ್, ನಾನೂ ನಮ್ಮನೆಯವರೂ ಬರ್ತೀವಿ, ಅಮ್ಮನ್ನ ಒಬ್ಬರನ್ನೇ ಬಿಟ್ಟು ಬರಕ್ಕಾಗಲ್ಲ, ಅವರನ್ನೂ ಕರ್ಕೊಂಡು ಬರ್ತೀವಿ ಎಂದರು.

ಮೂರು ಜನ!

ಎರಡನೆಯವರು ಕುಣಿಗಲ್ಲಿನ ನಂಜುಂಡಪ್ಪನವರು. ಅವರು ನನ್ನ ಷಡ್ಡಕ, ಅಂದರೆ ಶೈಲಾಳ ಅಕ್ಕನ ಗಂಡ. ಅವರಿಗೆ ಫೋನಿನಲ್ಲಿ ಹೇಳಿದೆ. ಈ ಸಲ ಎಚ್ಚರಿಕೆಯಿಂದ, ತುಂಬಾ ದೂರ, ತುಂಬಾ ಕೆಸರು, ಹುಲಿ ಬೇರೆ ಇದೆ ಎಂದೆಲ್ಲ ಪೀಠಿಕೆ ಹಾಕಿ ಆಮೇಲೆ “ನೀವೂ ಬನ್ನಿ” ಎಂದೆ. ಹುಲಿ ಎಂದಿದ್ದೇ ತಪ್ಪಾಯಿತು. ನಂಜುಂಡಪ್ಪನವರು ಗಂಡ ಹೆಂಡತಿ, ಮಗ, ಸೊಸೆ ನಾಲ್ವರೂ ತಯಾರಾದರು. ಸೊಸೆಯನ್ನು ಕರೆದುಕೊಂಡು ಹೋಗಿ ಅವಳ ಅಪ್ಪ ಅಮ್ಮನನ್ನು ಕರೆಯದಿದ್ದರೆ ಬೀಗರು ಏನಂದುಕೊಂಡಾರು ಎಂದು ಬೀಗರನ್ನೂ ಕರೆದರು. ಬೀಗರಾದರೂ “ನಮಗೆಲ್ಲಾಗುತ್ತೆ” ಎನ್ನಬಾರದೇ? ಅವರು ಯಾವ ಬೂಟು ಹಾಕಿಕೊಳ್ಳಬೇಕು ಎಂದು ಕೇಳಿದರಂತೆ.

ಇಷ್ಟಾದ ಮೇಲೆ ಕಡಬದಲ್ಲಿರುವ ನನ್ನ ಸ್ವಂತ ಅಕ್ಕನನ್ನು ಕರೆಯದಿರಲು ಹೇಗೆ ಸಾಧ್ಯ? ಪುಟ್ಟಕ್ಕನಿಗೆ ಫೋನು ಮಾಡಿದೆ. ಅವಳೂ ಹೂಂ ಎಂದಳು.

ನಾವಿಬ್ಬರು ಹೋಗಬೇಕಾದ ಜಾಗಕ್ಕೆ ಹನ್ನೆರಡು ಜನ ಆದೆವು. ಶೈಲಾ ಇದನ್ನೆಲ್ಲ ನೋಡಿ, ಸದ್ಯ ಹುಲೀನ ಕರೀಲಿಲ್ವಲ್ಲ ಎಂದಳು. ಆಗಿನ್ನೂ ಅವಳು ನಗುತ್ತಿದ್ದಳು.

ನಾನು ಧೃತಿಗೆಡಲಿಲ್ಲ. ಹನ್ನೆರಡು ಜನರೆಂದರೆ ಒಂದು ಟಿ.ಟಿ. ಗಾಡಿಯ ಲೆಕ್ಕ, ನನಗೆ ನೀರು ಕುಡಿದಷ್ಟು ಸುಲಭ. ಸುಂದರಬನದ ದೋಣಿಯವನೊಬ್ಬನ ನಂಬರು ಹುಡುಕಿ ಹಿಡಿದು ಮಾತಾಡಿದೆ. ನನ್ನ ಹಿಂದಿ ಅವನಿಗೆ ಕನ್ನಡದಂತೆ ಕೇಳಿಸುತ್ತಿತ್ತು, ಅವನ ಹಿಂದಿ ನನಗೆ ಬಂಗಾಳಿಯಂತೆ ಕೇಳಿಸುತ್ತಿತ್ತು. ಆದರೂ ವ್ಯವಹಾರ ಕುದುರಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ನೀರು ಏರುತ್ತದೆ, ಆಗಲೇ ದೋಣಿ ಬಿಡಬೇಕು ಎಂದ.

ಇದನ್ನು ಕೇಳಿದ ಕೂಡಲೇ ಕುಣಿಗಲ್ಲಿನಿಂದ ಆಕ್ಷೇಪಣೆ ಬಂತು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ನಂಜುಂಡಪ್ಪನವರು ರಾಹುಕಾಲದಲ್ಲಿ ಅಂಗಡಿಗೆ ಹೋಗಿ ಬೆಂಕಿಪೊಟ್ಟಣವನ್ನೂ ತಂದವರಲ್ಲ. ಹುಲಿಯ ಬಾಯಿಗೆ ರಾಹುಕಾಲದಲ್ಲಿ ಹೋಗುತ್ತಾರೆಯೇ?

ನಾನು ಮತ್ತೆ ದೋಣಿಯವನಿಗೆ ಫೋನು ಮಾಡಿ, ಅತ್ಯಂತ ಗೌರವಪೂರ್ವಕವಾಗಿ ಕೇಳಿದೆ.

“ದಾದಾ, ಸಮುದ್ರ್ ಥೋಡಾ ಲೇಟ್ ಆಯೇಗಾ ಕ್ಯಾ?”

ಅವನು ನನ್ನಿಂದ ಅದನ್ನು ಇನ್ನೊಂದು ಸಲ ಹೇಳಿಸಿದ. ಆಮೇಲೆ ಅವನು, ಪೂಛ್ ಕೆ ಬೋಲೇಗಾ ದಾದಾ ಎಂದ. ಕೇಳಿ ಹೇಳುತ್ತಾನಂತೆ! ನಾನು ಸಂತೋಷದಿಂದ ಫೋನಿಟ್ಟು, ಪ್ರಯತ್ನ ಮಾಡ್ತಾನಂತೆ ಎಂದು ಕುಣಿಗಲ್ಲಿಗೆ ವರದಿ ಒಪ್ಪಿಸಿದೆ. ಯಾರನ್ನು ಕೇಳಿ ಹೇಳುತ್ತಾನೆ ಎಂದು ಶೈಲಾ ವಿಚಾರಿಸಿದಾಗಲೇ ನನಗೆ ಹೊಳೆದದ್ದು, ಉಪಚಾರದ ಮಾತು ಬಂಗಾಳದಲ್ಲೂ ಇದೆ ಎಂದು.

ಕೊನೆಗೆ ಪರಿಹಾರ ಹೇಳಿದವಳೂ ಅವಳೇ. ಹಿಂದೆ ಹಿರಿಯರು ಪ್ರಸ್ಥಾನ ಇಡುತ್ತಿದ್ದರು. ಒಳ್ಳೆಯ ಗಳಿಗೆ ನೋಡಿ ಬ್ಯಾಗನ್ನು ಇನ್ನೊಬ್ಬರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾಯಿತು ಎಂದು ಲೆಕ್ಕ. ಆಮೇಲೆ ರಾಹು ಬಂದರೂ ಅವನಿಗೆ ಅಲ್ಲಿ ಕೆಲಸವಿಲ್ಲ. ನಂಜುಂಡಪ್ಪನವರಿಗೆ ಇದು ಎಷ್ಟು ಹಿಡಿಸಿತೆಂದರೆ, ಪ್ರಯಾಣಕ್ಕೆ ಇನ್ನೂ ಬಹಳ ದಿನ ಇರುವಾಗಲೇ, ರೈಲಿನ ಟಿಕೆಟ್ಟನ್ನೂ ತೆಗೆಯುವ ಮೊದಲೇ, ತಮ್ಮ ದೊಡ್ಡ ಬ್ಯಾಗನ್ನು ತಂದು ನಮ್ಮ ನಡುಮನೆಯಲ್ಲಿ ಇಟ್ಟು ಹೋದರು. ಅದರಿಂದ ನಿಪ್ಪಟ್ಟಿನ ವಾಸನೆ ಬರುತ್ತಿತ್ತು. ನಾವೇಕೆ ಹಿಂದೆ ಬೀಳಬೇಕೆಂದು ನಮ್ಮ ಬ್ಯಾಗನ್ನು ನಾನು ರಾಜಶೇಖರ್ ಮನೆಯಲ್ಲಿ ಇಟ್ಟುಬಂದೆ.

ಎಲ್ಲ ಸರಿಹೋಯಿತು ಎನ್ನುವಾಗ ದೋಣಿಯವನ ಫೋನು ಬಂತು. ದೋಣಿಯಲ್ಲಿ ಹತ್ತೇ ಜನ. ಒಂದು ತಲೆ ಹೆಚ್ಚಾದರೂ ಕಾಡಿನ ಒಳಗೆ ಬಿಡುವುದಿಲ್ಲ. ಬೇರೆ ದೋಣಿ ಸಿಗುವುದಿಲ್ಲ, ಸೀಸನ್ನು. ಹತ್ತಕ್ಕೆ ಹೂಂ ಎಂದರೆ ಹೂಂ, ಇಲ್ಲದಿದ್ದರೆ ಬೇರೆಯವರು ಕಾಯುತ್ತಿದ್ದಾರೆ.

ಹನ್ನೆರಡರಲ್ಲಿ ಎರಡು ಕಳೆಯಬೇಕು. ಯಾರನ್ನು ಬಿಡುವುದು? ರಾಜಶೇಖರ್ ಅಮ್ಮನನ್ನು ಬಿಟ್ಟರೆ ಮೂವರನ್ನೂ ಬಿಟ್ಟಂತೆ, ಬೆಳಗಾದರೆ ಮುಖ ನೋಡಬೇಕಾದ ಅಕ್ಕಪಕ್ಕದವರು. ಬೀಗರನ್ನು ಬಿಟ್ಟರೆ ಸೊಸೆ ಮುನಿಯುತ್ತಾಳೆ. ಅಕ್ಕನನ್ನು ಬಿಟ್ಟರೆ ನಾನು ಸತ್ತಮೇಲೂ ಅಪ್ಪನ ಮುಂದೆ ನಿಲ್ಲುವಂತಿಲ್ಲ. ಹೀಗಾಗಿ ಒಂದು ಭಾನುವಾರ ಎಲ್ಲರನ್ನೂ ಮನೆಗೆ ಕರೆಸಿ ಸಭೆ ಮಾಡಿದೆ. ಶೈಲಾ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಪುಟ್ಟಕ್ಕ ಮಾತ್ರ ಬರಲಾಗದೆ, ನೀನು ಹೆಂಗಂದ್ರೆ ಹಂಗೆ ಎಂದು ಫೋನಿನಲ್ಲೇ ಮತ ಹಾಕಿದ್ದಳು.

ನಾನು ಎದ್ದು ನಿಂತು ಪರಿಸ್ಥಿತಿಯನ್ನು ವಿವರಿಸಿದೆ. ಎಲ್ಲರೂ ತಟ್ಟೆ ನೋಡುತ್ತಾ ಕೂತರು. ಯಾರೂ ಬಿಟ್ಟುಕೊಡುವ ಲಕ್ಷಣವಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆಯ ಪದ್ಧತಿಯಲ್ಲಿ ಇದಕ್ಕೂ ಒಂದು ದಾರಿ ಇದೆ. ಮನೆಯ ಯಜಮಾನ ತಾನೇ ತ್ಯಾಗ ಮಾಡುತ್ತೇನೆ ಎನ್ನಬೇಕು. ಕೂಡಲೇ ಎಲ್ಲರೂ “ಛೆ ಛೆ, ಉಂಟೇ, ನಿಮ್ಮನ್ನ ಬಿಟ್ಟು ನಾವು ಹೋಗೋದಾ” ಎಂದು ಎದ್ದು ನಿಲ್ಲಬೇಕು. ಆ ಗಲಾಟೆಯಲ್ಲಿ ಯಾರಾದರೂ ಇಬ್ಬರು ಮರ್ಯಾದೆಗೆ ಹೆದರಿ ಹಿಂದೆ ಸರಿಯುತ್ತಾರೆ. ನಾನು ಕಂಠವನ್ನು ಸ್ವಲ್ಪ ಗದ್ಗದಗೊಳಿಸಿಕೊಂಡೆ.

“ಇರ್ಲಿ ಬಿಡಿ. ನಾನೂ ಶೈಲೂನೂ ಉಳ್ಕೋತೀವಿ. ನೀವೆಲ್ಲ ಹೋಗ್ಬನ್ನಿ.”

ಹೇಳಿ, ಛೆ ಛೆಗಳಿಗಾಗಿ ಕಾದೆ.

ರಾಜಶೇಖರ್ ಅಮ್ಮ ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕುತ್ತಿದ್ದರು. ನಂಜುಂಡಪ್ಪನವರು ಚಮಚವನ್ನು ನೆಕ್ಕಿ ತಟ್ಟೆಯಲ್ಲಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡರು.

“ಆಯ್ತು ಕಣ್ರೀ. ನೀವು ಇಷ್ಟು ಪ್ರೀತಿಯಿಂದ ಹೇಳಿದ್ಮೇಲೆ ಬೇಡ ಅನ್ನಕ್ಕಾಗುತ್ತಾ?”

ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜವಾಗಿ ಚಪ್ಪಾಳೆ! ನಾನು ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಶೈಲಾ ಕಾಫಿಯ ಟ್ರೇ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ನನ್ನ ಕಂಠ ನಿಜವಾಗಿಯೇ ಗದ್ಗದವಾಯಿತು. ಅವಳು ಎಲ್ಲರಿಗೂ ಕಾಫಿ ಕೊಟ್ಟಳು. ನನಗೆ ಕೊಡಲಿಲ್ಲ.

ಎಲ್ಲರೂ ಹೋದ ಮೇಲೆ ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಅವಳು ಹೇಳಿದ್ದು ಇಷ್ಟೇ.

“ನಿಮ್ಮ ಸೀಟು ನೀವು ಯಾರಿಗಾದ್ರೂ ಕೊಟ್ಕೊಳ್ಳಿ. ನನ್ನ ಸೀಟು ಕೊಡಕ್ಕೆ ನೀವ್ಯಾರು?”

ಮುಂದಿನ ವರ್ಷ ಹೋಗೋಣ ಎಂದೆ. ಹಾಗಂತ ನಾನು ಅವಳಿಗೆ ಎಷ್ಟು ವಿಷಯಗಳಲ್ಲಿ ಹೇಳಿದ್ದೇನೋ ದೇವರೇ ಬಲ್ಲ. ಅವಳು ಜಗಳ ಆಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಮಾರನೆಯ ದಿನದಿಂದ ನನಗೆ ಚಿತ್ರಾನ್ನ ಬಂತು, ಸಾರು ಬಂತು, ಮಾತು ಬರಲಿಲ್ಲ. ಒಂದು ಮಧ್ಯಾಹ್ನ ರಾಜಶೇಖರ್ ನಗುನಗುತ್ತಾ ಬಂದು ನಮ್ಮ ಪ್ರಸ್ಥಾನದ ಬ್ಯಾಗನ್ನು ವಾಪಸ್ಸು ಕೊಟ್ಟು ಹೋದರು. ಪ್ರಯಾಣ ಶುರು ಮಾಡಿದ ಬ್ಯಾಗು ಪಕ್ಕದ ಮನೆಯವರೆಗೆ ಹೋಗಿ ಊರಿಗೆ ಮರಳಿತು. ಶೈಲಾ ಅದನ್ನು ತೆಗೆದು, ಒಳಗಿದ್ದ ತನ್ನ ಹಳೆಯ ಟೋಪಿಯನ್ನು ಮೊಳೆಗೆ ನೇತುಹಾಕಿದಳು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಹೇಗಾದರೂ ಮಾಡಿ ಸೀಟು ವಾಪಸ್ಸು ತರಲೇಬೇಕೆಂದು ಬಸ್ಸು ಹತ್ತಿದೆ.

ಮೊದಲು ಕುಣಿಗಲ್ಲಿಗೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಆದರೆ “ನಾನು ಅವತ್ತು ಹೇಳಿದ್ದು ಬರೀ ಉಪಚಾರಕ್ಕೆ” ಎಂದು ಒಬ್ಬ ಮನುಷ್ಯ ತನ್ನ ಷಡ್ಡಕನಿಗೆ ಹೇಳುವುದು ಹೇಗೆ? ಹೇಳಿದರೆ ಇದುವರೆಗಿನ ಎಲ್ಲ ಉಪಚಾರದ ಮೇಲೂ ಅನುಮಾನ ಬರುವುದಿಲ್ಲವೇ? ನಂಜುಂಡಪ್ಪನವರು ಬಾಗಿಲಲ್ಲೇ ಅಪ್ಪಿಕೊಂಡರು. ಕೆಸರಿಗೆಂದು ತಂದಿದ್ದ ಮೊಣಕಾಲುದ್ದದ ಬೂಟು ಹಾಕಿಕೊಂಡು ನಡುಮನೆಯಲ್ಲಿ ಓಡಾಡಿ ತೋರಿಸಿದರು. ಒಳ್ಳೆಯ ದುರ್ಬೀನು ಒಂದು ಇಲ್ಲವಲ್ಲ ಎಂಬುದೊಂದೇ ಕೊರಗು ಎಂದರು. ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ. ನನ್ನದೇ ಇದೆಯಲ್ಲ, ತಗೊಂಡು ಹೋಗಿ ಎಂದಿತು. ಮನೆ ಬಿಟ್ಟು ಹೋಗುವುದೇ ಒಂದು ಯೋಚನೆ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಬೇರೆ ಇವೆ ಎಂದರು. ಬಾಯಿ ಅದಕ್ಕೂ ತಯಾರಿತ್ತು. ಯೋಚನೆ ಮಾಡ್ಬೇಡಿ, ನಾನಿದೀನಲ್ಲ ಎಂದಿತು. ಸೀಟು ಕೇಳಲು ಹೋದವನು ದುರ್ಬೀನು ಕಳೆದುಕೊಂಡು, ಮನೆಯ ಬೀಗದ ಕೈಯನ್ನೂ ಮೀನಿನ ಆಹಾರದ ಡಬ್ಬಿಯನ್ನೂ ಜೇಬಿನಲ್ಲಿಟ್ಟುಕೊಂಡು ಬಂದೆ.

ಮಾರನೆಯ ದಿನ ಕಡಬಕ್ಕೆ ಹೋದೆ. ಪುಟ್ಟಕ್ಕ ಕೊಟ್ಟಿಗೆಯ ಮುಂದೆ ತೆಂಗಿನ ಗರಿ ಸೀಳುತ್ತಾ ಕೂತಿದ್ದಳು. ಮಾತಾಡದೆ ಒಳಗೆ ಹೋಗಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ನಾನು ಬಾಯಿ ಬಿಡುವ ಮೊದಲೇ ಅವಳೇ ಕೇಳಿದಳು.

“ಏನ್ಲಾ, ಸೀಟ್ ವಾಪಸ್ ಕೇಳಕ್ ಬಂದಿದೀಯಾ?”

ಹಾಗೇನಿಲ್ಲಕ್ಕ ಎಂದೆ. ಇದೂ ಉಪಚಾರವೇ. ಪುಟ್ಟಕ್ಕ ಗರಿಯನ್ನು ಪಕ್ಕಕ್ಕಿಟ್ಟಳು.

“ನಂಗೆ ಊರ ಕೆರೆ ಏರಿ ಮೇಲ್ ನಿಂತ್ರೇನೆ ತಲೆ ಸುತ್ತುತ್ತೆ. ಸಮುದ್ರ ತಗೊಂಡೇನ್ ಮಾಡ್ಲಿ? ನೀನು ಅಷ್ಟು ಕರೀತಾ ಇದೀಯಲ್ಲ, ಒಲ್ಲೆ ಅಂದ್ರೆ ಬೇಜಾರ್ ಮಾಡ್ಕೋತೀಯ ಅಂತ ಹೂಂ ಅಂದೆ. ನನ್ ಸೀಟು ಶೈಲಂಗೆ ಕೊಡು ಬುಡು.”

ನನಗೆ ಕುಣಿಯುವಷ್ಟು ಖುಷಿಯಾಯಿತು. ನಾನು ಉಪಚಾರಕ್ಕೆ ಕರೆದಿದ್ದೆ, ಅವಳು ಉಪಚಾರಕ್ಕೆ ಒಪ್ಪಿದ್ದಳು! ಇಬ್ಬರೂ ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಸೇರಿ ಶೈಲಾಳ ಮನಸ್ಸನ್ನು ನೋಯಿಸಿದ್ದೆವು. ಉಳಿದವರೂ ಹೀಗೇ ಒಪ್ಪಿರಬಹುದೆಂಬ ಆಸೆಯಿಂದ ಊರಿಗೆ ಬಂದು ರಾಜಶೇಖರ್ ಅವರನ್ನು ಸುತ್ತಿಬಳಸಿ ವಿಚಾರಿಸಿದೆ. ಅವರ ಅಮ್ಮ ಆಗಲೇ ಬಂಗಾಳಿಯಲ್ಲಿ ಒಂದರಿಂದ ಹತ್ತು ಎಣಿಸಲು ಕಲಿತಿದ್ದರು. ಕುಣಿಗಲ್ಲಿಗೆ ಮತ್ತೆ ಹೋಗುವ ಧೈರ್ಯವಾಗಲಿಲ್ಲ, ನಮ್ಮ ಮನೆಯಲ್ಲಿ ಇನ್ನೂ ಕೆಲವು ಒಳ್ಳೆಯ ಸಾಮಾನು ಉಳಿದಿದ್ದವು.

ಹಾಗಾಗಿ ಸಿಕ್ಕಿದ್ದು ಒಂದೇ ಸೀಟು. ಅದನ್ನು ಹಿಡಿದುಕೊಂಡು, ಯುದ್ಧ ಗೆದ್ದವನಂತೆ ಮನೆಗೆ ಬಂದು ಶೈಲಾಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಎಷ್ಟೋ ದಿನದ ಮೇಲೆ ನನ್ನನ್ನು ನೇರವಾಗಿ ನೋಡಿದಳು. ಈಗ ನನ್ನ ಸರದಿ. ದಾಂಪತ್ಯದಲ್ಲೂ ಒಂದು ಉಪಚಾರ ಇದೆಯಷ್ಟೆ. ಮದುವೆ ಮುಂಜಿ ಎಲ್ಲಿಗೇ ಇರಲಿ, ನಾನು “ನೀನು ಹೋಗ್ಬಾ, ನಾನು ಮನೇಲಿರ್ತೀನಿ” ಎನ್ನುವುದು, ಅವಳು “ನೀವಿಲ್ದೆ ನಾನೆಲ್ಲಿಗೆ ಹೋಗ್ಲಿ” ಎನ್ನುವುದು, ಆಮೇಲೆ ಇಬ್ಬರೂ ಹೋಗುವುದು ಅಥವಾ ಇಬ್ಬರೂ ಉಳಿಯುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಅಭ್ಯಾಸಬಲದಿಂದ ಹೇಳಿದೆ.

“ನೀನು ಹೋಗ್ಬಾ ಶೈಲಾ, ನಾನು ಮನೇಲಿರ್ತೀನಿ.”

“ಸರಿ” ಎಂದಳು. ಎದ್ದು ಹೋಗಿ ಮೊಳೆಯಿಂದ ಟೋಪಿ ತೆಗೆದಳು.

ಹೀಗೆ ನಾನು ಯೋಜಿಸಿದ ಪ್ರವಾಸ ಅತ್ಯಂತ ಯಶಸ್ವಿಯಾಗಿ, ನಾನೊಬ್ಬನನ್ನು ಬಿಟ್ಟು, ಹೊರಟಿತು. ಅವಳ ಅಕ್ಕನೂ ಇದ್ದುದರಿಂದ ನನಗೆ ಚಿಂತೆಯಿರಲಿಲ್ಲ, ಅವಳಿಗಂತೂ ಇನ್ನೂ ಇರಲಿಲ್ಲ. ನಿಲ್ದಾಣದಲ್ಲಿ ನಂಜುಂಡಪ್ಪನವರು ನನ್ನ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು, ಎದುರಿನ ಪ್ಲಾಟ್‌ಫಾರಮ್ಮಿನ ಇಡ್ಲಿ ಅಂಗಡಿಯನ್ನು ವೀಕ್ಷಿಸುತ್ತಿದ್ದರು. ಅಕ್ಕ ಬಿಟ್ಟ ಮೇಲೆ ಒಂಬತ್ತೇ ಜನ ಆದರಲ್ಲ, ಹತ್ತನೆಯ ಸೀಟು ಎಲ್ಲಿ ಹೋಯಿತು, ನೀವೇ ಏಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ, ಹತ್ತೂ ತುಂಬಿತ್ತು. ಪುಟ್ಟಕ್ಕನ ಜಾಗ ಹೆಂಡತಿಗೆ ಹೋಯಿತಲ್ಲ. ನಾನೂ ಆ ಲೆಕ್ಕವನ್ನು ಹಲವು ಸಲ ಹಾಕಿ ನೋಡಿದ್ದೇನೆ.

ಆ ಸೋಮವಾರ ರಾಹುಕಾಲ ಕಳೆದು, ಮಧ್ಯಾಹ್ನದ ಮೇಲೆ ವಿಡಿಯೋ ಕರೆ ಬಂತು. ನಾನು ಕುಣಿಗಲ್ಲಿನ ಮನೆಯಲ್ಲಿ ಮೀನುಗಳಿಗೆ ಆಹಾರ ಹಾಕುತ್ತಿದ್ದೆ. ಪರದೆಯ ಮೇಲೆ ಮೊದಲು ಬರೀ ಕೆಸರು ಕಂಡಿತು. ಆಮೇಲೆ ಶೈಲಾಳ ಕಾಲು ಕಂಡಿತು, ಚಪ್ಪಲಿ ಇಲ್ಲ, ಮೊಣಕಾಲಿನವರೆಗೆ ಕೆಸರು. ದೋಣಿಯಿಂದ ಇಳಿದ ಮೇಲೆ, ಉಳಿದುಕೊಂಡಿದ್ದ ಹಳ್ಳಿಯ ಏರಿಯ ಕೆಳಗೆ, ನೀರು ಇಳಿದಿದ್ದ ಹೊತ್ತು ನೋಡಿ ಇಳಿದುಬಿಟ್ಟಿದ್ದಳು. ಸುತ್ತ ಕೆಸರಿನಿಂದ ಎದ್ದು ನಿಂತ ಬೇರುಗಳು, ಪೆನ್ಸಿಲುಗಳನ್ನು ನೆಟ್ಟ ಹಾಗೆ, ಕಣ್ಣು ಹಾಯುವವರೆಗೆ. ಮೇಲಿನಿಂದ ದೋಣಿಯವನು ದೀದಿ ದೀದಿ ಎಂದು ಕೂಗುತ್ತಿದ್ದ. ಇವಳು ಬಗ್ಗಿ ಒಂದು ಬೇರಿನ ತುದಿಯನ್ನು ಬೆರಳಿನಿಂದ ಮುಟ್ಟಿದಳು.

“ನೋಡಿದೆ ರೀ” ಎಂದಳು. “ನಾನು ಬೋರ್ಡ್ ಮೇಲೆ ಸ್ವಲ್ಪ ದಪ್ಪ ಬರೀತಿದ್ದೆ.”

ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ, ಮುಖದ ಮೇಲೂ ಕೆಸರಿತ್ತು. ನನಗಂತೂ ಕಣ್ಣು ತುಂಬಿ ಬಂತು. ನೀವೆಲ್ಲಿದೀರಿ, ಹಿಂದೆ ಅದೇನು ನೀರು ಕಾಣ್ತಿದೆ ಎಂದು ಕೇಳಿದಳು. ಫೋನನ್ನು ತಿರುಗಿಸಿ ಗಾಜಿನ ತೊಟ್ಟಿಯನ್ನು ತೋರಿಸಿದೆ. ಅವಳು ನಕ್ಕ ನಗೆಗೆ ಮೇಲಿದ್ದ ದೋಣಿಯವನೂ ನಕ್ಕ. ನಗು ನಿಂತ ಮೇಲೆ, ಮುಂದಿನ ಸಲ ನಾವಿಬ್ಬರೇ ಬರೋಣ ರೀ ಎಂದಳು.

ಇದು ನಿಜವಾಗಿ ಹೇಳಿದ್ದೋ, ಉಪಚಾರಕ್ಕೆ ಹೇಳಿದ್ದೋ ತಿಳಿಯಲಿಲ್ಲ. “ಅಯ್ಯೋ, ನನಗೆಲ್ಲಾಗುತ್ತೆ” ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ಅವಳು ಮನಸ್ಸು ಬದಲಾಯಿಸುವ ಮೊದಲೇ, ಮೀನುಗಳ ಸಾಕ್ಷಿಯಾಗಿ ಹೂಂ ಎಂದುಬಿಟ್ಟೆ.